24 ಗಿಗಾಹರ್ಟ್ಸ್ ಸೋರ್ಸ್ ಕಟ್ಟಿದ ಡೈರಿ: ಅಮೋನಿಯಾ ಗೆರೆ ಹುಡುಕೋಕೆ ಹೋಗಿ ಎರಡು ವಾರ ನನ್ನ ಪಿಎಲ್ಎಲ್‌ನೇ ಅಳೆದಿದ್ದು

ಎರಡು ತಿಂಗಳಿಂದ ಟೇಬಲ್ ತುಂಬಾ ಹರಡ್ಕೊಂಡಿದ್ದ ಕೆಲಸ ಒಂದು ಹಂತಕ್ಕೆ ಬಂದಿದೆ, ನೋಟ್‌ಬುಕ್ಕಲ್ಲಿ ಗೀಚಿದ್ದು ನನಗೇ ಅರ್ಥ ಆಗದ ಹಾಗಾಗೋಕೆ ಮುಂಚೆ ಬರೆದಿಡ್ತಿದೀನಿ. ಕೆಲಸ ಇಷ್ಟೇ, 23.6ರಿಂದ 24.6 ಗಿಗಾಹರ್ಟ್ಸ್ ತನಕ ಸಣ್ಣ ಹೆಜ್ಜೆಲಿ ಸ್ವೀಪ್ ಆಗೋ ಮೈಕ್ರೋವೇವ್ ಸೋರ್ಸ್ ಕಟ್ಟೋದು, ಅದನ್ನ ಒಂದು ಮೀಟರ್ ವೇವ್‌ಗೈಡಲ್ಲಿ (ಮೈಕ್ರೋವೇವ್ ಸಾಗಿಸೋ ಟೊಳ್ಳು ಲೋಹದ ಕೊಳವೆ, ಮುಂದೆ ಬರೋ "ಸೆಲ್" ಇದೇ) ತುಂಬಿರೋ ಅಮೋನಿಯಾ ಮೂಲಕ ಕಳ್ಸಿ ಗ್ಯಾಸ್ ಯಾವ್ಯಾವ ಫ್ರೀಕ್ವೆನ್ಸಿಲಿ ಹೀರತ್ತೆ (ಅದೇ "ಗೆರೆ") ನೋಡೋದು. ಅಮೋನಿಯಾ ಯಾಕಂದ್ರೆ ಈ ಬ್ಯಾಂಡಲ್ಲಿ ಇಷ್ಟು ಜೋರಾಗಿ ಹೀರೋ ಗ್ಯಾಸ್ ಬೇರೆ ಸುಲಭಕ್ಕೆ ಸಿಗಲ್ಲ. 1934ರಲ್ಲಿ ಕ್ಲೀಟನ್ ಮತ್ತೆ ವಿಲಿಯಮ್ಸ್ ಮೊಟ್ಟಮೊದಲು ಮೈಕ್ರೋವೇವಲ್ಲಿ ನೋಡಿದ್ದೂ ಇದನ್ನೇ, 1954ರ ಟೌನ್ಸ್ ಗುಂಪಿನ ಮೇಸರ್ (ಲೇಸರಿನ ಮೈಕ್ರೋವೇವ್ ಅಣ್ಣ) ಓಡಿದ್ದೂ ಇದರ (3,3) ಗೆರೆ ಮೇಲೆ, ಬ್ರಾಕೆಟ್ ನಂಬರ್ರು ಅಣು ತಿರುಗೋ ಸ್ಥಿತಿಯ ಗುರುತು. ಗೆರೆಗಳ ಜಾಗ ಎಲ್ಲಾ ಕಿಲೋಹರ್ಟ್ಸ್ ಲೆಕ್ಕದಲ್ಲಿ ಗೊತ್ತಿರೋದ್ರಿಂದ ನನ್ನ ಸೋರ್ಸ್ ಸರಿ ಇದ್ಯಾ ಅಂತ ಗ್ಯಾಸೇ ಹೇಳ್ಬೇಕು ಅನ್ನೋದು ಪ್ಲಾನು. ಮಧ್ಯೆ ಏನಾಯ್ತು ಅನ್ನೋದು ಕೆಳಗಿದೆ.

ಸಾಮಾನು: ಎಡಿಎಫ್5355 ಸಿಂಥೆಸೈಜರ್ ಬೋರ್ಡ್ (ರೆಫರೆನ್ಸ್ ಆಸಿಲೇಟರಿಗೆ ಬೀಗ ಹಾಕಿ ಬೇಕಾದ ಫ್ರೀಕ್ವೆನ್ಸಿ ಹುಟ್ಸೋ ಪಿಎಲ್ಎಲ್ ಚಿಪ್ಪು, ಒಳಗಿರೋ ವಿಸಿಒ ಅಂದ್ರೆ ವೋಲ್ಟೇಜಲ್ಲಿ ಟ್ಯೂನ್ ಆಗೋ ಆಸಿಲೇಟರ್ 3.4ರಿಂದ 6.8 ಗಿಗಾಹರ್ಟ್ಸ್, ಅದನ್ನ ಡಬಲ್ ಮಾಡಿ 13.6 ತನಕ ಹೊರಗೆ ಕೊಡತ್ತೆ), 12 ಗಿಗಾಹರ್ಟ್ಸ್ ಆ್ಯಂಪ್ಲಿಫೈಯರ್, ಅದರ ಮುಂದೆ ಆ್ಯಕ್ಟಿವ್ ಡಬ್ಲರ್ ಮಾಡ್ಯೂಲ್ (ಫ್ರೀಕ್ವೆನ್ಸಿ ಎರಡು ಪಟ್ಟು ಮಾಡೋದು), ಐಸೊಲೇಟರ್ (ವಾಪಸ್ ಬರೋ ಅಲೆ ತಡೆಯೋದು), ಪವರ್ ಇಳ್ಸೋಕೆ ವೇರಿಯಬಲ್ ಅಟೆನ್ಯುಯೇಟರ್, ಡಬ್ಲ್ಯುಆರ್-42 ವೇವ್‌ಗೈಡ್ ಒಂದು ಮೀಟರ್, ಶಾಟ್ಕಿ ಡಿಟೆಕ್ಟರ್ (ಮೈಕ್ರೋವೇವ್ ಪವರನ್ನ ವೋಲ್ಟೇಜ್ ಮಾಡೋದು), ಪ್ರೀಆ್ಯಂಪು, ಲಾಕ್-ಇನ್ (ಒಂದೇ ಫ್ರೀಕ್ವೆನ್ಸಿಯ ಸಿಗ್ನಲ್ ಮಾತ್ರ ಹೆಕ್ಕೋ ಉಪಕರಣ) ಬದಲಿಗೆ ಸೌಂಡ್ ಕಾರ್ಡು ಮತ್ತೆ ನಾನೇ ಬರೆದ ಒಂದು ಪೈಥಾನ್ ಸ್ಕ್ರಿಪ್ಟು. ಗ್ಯಾಸ್ ಕಡೆಗೆ ಟು-ಸ್ಟೇಜ್ ರೋಟರಿ ಪಂಪು, ಪಿರಾನಿ ಗೇಜು (ಕಮ್ಮಿ ಪ್ರೆಶರ್ ಅಳೆಯೋದು), ನಾಲ್ಕು ವಾಲ್ವು. ಒಟ್ಟು ಖರ್ಚಲ್ಲಿ ಅರ್ಧದ ಮೇಲೆ ಐಸೊಲೇಟರ್ರು ಡಿಟೆಕ್ಟರ್ರೇ ನುಂಗಿದ್ವು, ಅದೂ ಎರಡೂ ಸೆಕೆಂಡ್ ಹ್ಯಾಂಡು.

ದಿನ 1ರಿಂದ 3

26.5 ಗಿಗಾಹರ್ಟ್ಸ್ ತನಕ ನೋಡೋ ಸ್ಪೆಕ್ಟ್ರಮ್ ಅನಲೈಸರ್ ನನ್ನತ್ರ ಇಲ್ಲ, ಗೆಳೆಯರೊಬ್ರ ಹತ್ರ ಎರಡು ದಿನಕ್ಕೆ ಸಾಲ ತಂದೆ. ಸಿಂಥೆಸೈಜರ್ 11.935 ಗಿಗಾಹರ್ಟ್ಸಿಗೆ ಇಟ್ಟೆ, ಡಬ್ಲರ್ ಆಚೆ 23.870 ಬಂತು, +13 ಡಿಬಿಎಂ (ಸುಮಾರು 20 ಮಿಲಿವ್ಯಾಟ್), ಖುಷಿ ಆಯ್ತು. ಸ್ಪ್ಯಾನ್ ದೊಡ್ಡದು ಮಾಡಿದ ಕೂಡ್ಲೇ ಖುಷಿ ಇಳೀತು. 17.9 ಗಿಗಾಹರ್ಟ್ಸಲ್ಲಿ ಇನ್ನೊಂದು ಕೊಂಬು ನಿಂತಿದೆ, ಮೇನ್ ಸಿಗ್ನಲ್‌ಗಿಂತ 18 ಡಿಬಿ ಮಾತ್ರ ಕೆಳಗೆ.

ಯಾಕಂದ್ರೆ ಚಿಪ್ಪಿನ ಡಬಲ್ ಔಟ್‌ಪುಟ್ಟಲ್ಲಿ ಮೂಲ ವಿಸಿಒ ಸಿಗ್ನಲ್ಲೂ (ಇಲ್ಲಿ 5.967) ಸೋರಿ ಬರತ್ತೆ, ಅದು ಡಬ್ಲರ್ ಒಳಗೆ 11.935 ಜೊತೆ ಕೂಡಿ ಮೂರನೇ ಹಾರ್ಮೋನಿಕ್ ಜಾಗದಲ್ಲಿ 17.9 ಮಾಡತ್ತೆ. 12 ಗಿಗಾಹರ್ಟ್ಸ್ ಸೋರಿದ್ರೆ ನನಗೇನೂ ಚಿಂತೆ ಇರ್ಲಿಲ್ಲ, ಡಬ್ಲ್ಯುಆರ್-42ರ ಕಟ್‌ಆಫ್ 14.05 ಗಿಗಾಹರ್ಟ್ಸ್, ಅದಕ್ಕಿಂತ ಕೆಳಗಿನದು ಒಳಗೆ ಸಾಗಲ್ಲ, ಹಾಗಾಗಿ 12 ಸೆಲ್ ಒಳಗೇ ಹೋಗಲ್ಲ. 17.9 ಮಾತ್ರ ಆರಾಮಾಗಿ ನುಗ್ಗತ್ತೆ.

ಫಿಲ್ಟರ್ ಡಿಸೈನ್ ಮಾಡ್ತೀನಿ ಅಂತ ಒಂದು ಸಂಜೆ ಪಿಸಿಬಿ ಎಳೆದೆ, ಕೆತ್ತಿದೆ, ಅಳೆದೆ, ಸೆಂಟರ್ ಫ್ರೀಕ್ವೆನ್ಸಿ 600 ಮೆಗಾಹರ್ಟ್ಸ್ ಆಚೆ ಹೋಗಿ ಕೂತಿತ್ತು. ಬಿಸಾಕ್ದೆ. ಆಮೇಲೆ ಹೊಳೀತು, ವೇವ್‌ಗೈಡೇ ಒಂದು ಹೈಪಾಸ್ ಫಿಲ್ಟರ್ ಅಲ್ವಾ. ಡಬ್ಲ್ಯುಆರ್-75ರ ಕಟ್‌ಆಫ್ 7.87 ಗಿಗಾಹರ್ಟ್ಸ್, 12 ಸಲೀಸಾಗಿ ದಾಟತ್ತೆ, 6 ಸಾಯತ್ತೆ, ಐದು ಸೆಂಟಿಮೀಟರ್ ತುಂಡಿಗೇ ಲೆಕ್ಕದಲ್ಲಿ 45 ಡಿಬಿ ಮೇಲೆ ಬರತ್ತೆ. ಹಳೇ ಸಾಮಾನಿನ ಡಬ್ಬಲಿ ಎರಡು ಕೋಆ್ಯಕ್ಸ್ ಅಡಾಪ್ಟರ್ ಇತ್ತು, ಮಧ್ಯೆ ಒಂದು ತುಂಡು ಸೇರಿಸಿ ಆ್ಯಂಪ್ಲಿಫೈಯರ್ ಮುಂದೆ ಹಾಕ್ದೆ, 17.9 ಅನಲೈಸರ್‌ನ ನಾಯ್ಸ್ ಒಳಗೆ ಮುಳುಗ್ತು. ಇಡೀ ಪ್ರಾಜೆಕ್ಟಲ್ಲಿ ಮೊದಲನೇ ಸಲಕ್ಕೇ ಕೆಲಸ ಮಾಡಿದ್ದು ಇದೊಂದೇ.

10 ಕಿಲೋಹರ್ಟ್ಸ್ ಆಫ್‌ಸೆಟ್ಟಲ್ಲಿ ಫೇಸ್ ನಾಯ್ಸ್ (ಸಿಗ್ನಲ್ ಅಕ್ಕಪಕ್ಕ ಹರಡೋ ಗಲೀಜು) ಸುಮಾರು −82 ಡಿಬಿಸಿ ಪರ್ ಹರ್ಟ್ಸ್. ಬರೆದಿಟ್ಕೊಂಡು ಅನಲೈಸರ್ ವಾಪಸ್ ಕೊಟ್ಟೆ. ಆಗಲೇ ಸಿಂಥೆಸೈಜರನ್ನ ನಿಧಾನಕ್ಕೆ ಪೂರ್ತಿ ಬ್ಯಾಂಡ್ ಸ್ವೀಪ್ ಮಾಡಿಸಿ ನೋಡಿದ್ರೆ ಮುಂದಿನ ಎರಡು ವಾರ ಉಳೀತಿತ್ತು. ನೋಡಿದ್ದು ಒಂದೇ ಫ್ರೀಕ್ವೆನ್ಸಿ.

ದಿನ 5

ಔಟ್‌ಪುಟ್ ಪವರ್ ಕೇಬಲ್ ಮುಟ್ಟಿದ್ರೆ 3 ಡಿಬಿ ಕುಣೀತಿದೆ. ಡಬ್ಲರಿಂದ ಅಡಾಪ್ಟರಿಗೆ ಮಾಮೂಲಿ ಎಸ್ಎಂಎ ಕೇಬಲ್ ಹಾಕಿದ್ದೆ, ಅದರ ಲೆಕ್ಕ 18 ಗಿಗಾಹರ್ಟ್ಸಿಗೇ ಮುಗಿಯತ್ತೆ. ಜೊತೆಗೆ ಬೆರಳಲ್ಲೇ ತಿರುಗಿಸಿ ಬಿಟ್ಟಿದ್ದೆ. ಕೇಬಲ್ ಕಿತ್ತು 2.92 ಎಂಎಂ ಕನೆಕ್ಟರಲ್ಲಿ ನೇರ ಕೂರ್ಸಿ ಟಾರ್ಕ್ ರೆಂಚಲ್ಲಿ 0.9 ನ್ಯೂಟನ್ ಮೀಟರಿಗೆ ಬಿಗಿ ಮಾಡಿದ್ಮೇಲೆ ಕುಣಿತ ನಿಂತ್ತು.

ದಿನ 7ರಿಂದ 10: ಸೆಲ್ಲು

ಡಬ್ಲ್ಯುಆರ್-42 ಒಳಗಿನ ಅಳತೆ 10.67 × 4.32 ಮಿ.ಮೀ. ಎರಡೂ ತುದಿಗೆ 50 ಮೈಕ್ರಾನ್ ಕ್ಯಾಪ್ಟಾನ್ ಹಾಳೆ ಎಪಾಕ್ಸಿಲಿ ಅಂಟಿಸಿ ಕಿಟಕಿ ಮಾಡ್ದೆ. ವ್ಯಾಕ್ಯೂಮ್ ಎಳೆದಾಗ ಕಿಟಕಿ ಮೇಲೆ ಬೀಳೋ ಒತ್ತು ಅರ್ಧ ಕಿಲೋ ತೂಕದಷ್ಟೇ, ಹಾಳೆ ಸ್ವಲ್ಪ ಒಳಗೆ ಬಾಗತ್ತೆ ಹರಿಯಲ್ಲ. ಪಂಪ್ ಮಾಡೋಕೆ ಅಗಲ ಗೋಡೆಯ ಸರಿ ಮಧ್ಯದ ಗೆರೆ ಮೇಲೆ 1.5 ಮಿ.ಮೀ.ನ ಆರು ತೂತು, ಮಧ್ಯದಲ್ಲಿ ಇದ್ರೆ ಗೋಡೆ ಕರೆಂಟಿಗೆ ಅಡ್ಡ ಬರಲ್ಲ. ಡ್ರಿಲ್ ಮಾಡಿದ ಒರಟು ಅಂಚು ಒಳಗೆ ಉಳಿದಿತ್ತು, ಬಟ್ಟೆ ಸುತ್ತಿದ ಕಡ್ಡಿ ತೂರ್ಸಿ ಎಳೆದು ಎಳೆದು ನುಣುಪು ಮಾಡೋದಕ್ಕೇ ಅರ್ಧ ದಿನ ಹೋಯ್ತು.

ಲೀಕ್ ಟೆಸ್ಟು: ವಾಲ್ವ್ ಮುಚ್ಚಿ ನೋಡಿದ್ರೆ ಹತ್ತು ನಿಮಿಷದಲ್ಲಿ 2 ಪಾಸ್ಕಲ್‌ನಿಂದ 60ಕ್ಕೆ ಏರ್ತು. ಎಪಾಕ್ಸಿಲಿ ಗುಳ್ಳೆ ಇತ್ತು, ಕಿತ್ತು ಮತ್ತೆ ಅಂಟಿಸ್ದೆ, ಈ ಸಲ ಅಂಟಿಸೋ ಮುಂಚೆ ಎಪಾಕ್ಸಿನ ವ್ಯಾಕ್ಯೂಮಲ್ಲಿಟ್ಟು ಗುಳ್ಳೆ ತೆಗೆದೆ. ಹತ್ತು ನಿಮಿಷಕ್ಕೆ 2ರಿಂದ 5. ಸಾಕು.

ದಿನ 11: ಮಾಡ್ಯುಲೇಶನ್

ಬೋರ್ಡಿನ ರೆಫರೆನ್ಸ್ 10 ಮೆಗಾಹರ್ಟ್ಸ್ ವಿಸಿಎಕ್ಸ್‌ಒ, ಅಂದ್ರೆ ವೋಲ್ಟೇಜಲ್ಲಿ ಸ್ವಲ್ಪ ಎಳೆಯೋಕಾಗೋ ಕ್ರಿಸ್ಟಲ್ ಆಸಿಲೇಟರ್, ಪೂರ್ತಿ ಎಳೆದ್ರೆ ±50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಹೋಗತ್ತೆ, ಅಂದ್ರೆ 24 ಗಿಗಾಹರ್ಟ್ಸಲ್ಲಿ ±1.2 ಮೆಗಾಹರ್ಟ್ಸ್. ಅದರ ಟ್ಯೂನ್ ಪಿನ್ನಿಗೆ ಸೈನ್ ವೇವ್ ಕೊಟ್ಟು ಫ್ರೀಕ್ವೆನ್ಸಿ ಅಲ್ಲಾಡ್ಸೋದು, ಡಿಟೆಕ್ಟರಲ್ಲಿ ಅದರ ಎರಡು ಪಟ್ಟಲ್ಲಿ ಬರೋ ಸಿಗ್ನಲ್ ನೋಡೋದು. ಮೊದಲು 37 ಕಿಲೋಹರ್ಟ್ಸ್ ಇಟ್ಟೆ, ಜಾಸ್ತಿ ಇದ್ದಷ್ಟೂ ಡಿಟೆಕ್ಟರ್ ನಾಯ್ಸ್ ಕಮ್ಮಿ ಅನ್ನೋ ಜಾಣತನದಲ್ಲಿ. ಪಿಎಲ್ಎಲ್ ಲೂಪ್ ಬ್ಯಾಂಡ್‌ವಿಡ್ತೇ 40 ಕಿಲೋಹರ್ಟ್ಸ್, ಅದರ ಹತ್ರ ಹೋದ್ರೆ ಲೂಪ್ ಬದಲಾವಣೆನ ಸರಿಯಾಗಿ ಹಿಂಬಾಲಿಸಲ್ಲ, ಹಾಗಾಗಿ ಮಾಡ್ಯುಲೇಶನ್ ಎಷ್ಟು ಆಗ್ತಿದೆ ಅನ್ನೋದೇ ಲೆಕ್ಕಕ್ಕೆ ಸಿಗ್ತಿರ್ಲಿಲ್ಲ. 3.1 ಕಿಲೋಹರ್ಟ್ಸಿಗೆ ಇಳ್ಸಿದೆ.

ದಿನ 13

ಅಮೋನಿಯಾ ದ್ರಾವಣದ ಮೇಲಿನ ಆವಿನೇ ಸೆಲ್ಲಿಗೆ ಬಿಡೋದು ಅಂತ ಯೋಚನೆ, ಆದ್ರೆ ಜೊತೆಗೆ ನೀರಾವಿ ಬರತ್ತಲ್ಲ, ಒಣಗಿಸ್ಬೇಕು. ಕೈಗೆ ಸಿಕ್ಕಿದ್ದು ಕ್ಯಾಲ್ಸಿಯಂ ಕ್ಲೋರೈಡು, ಒಂದು ಗಾಜಿನ ಕೊಳವೆ ತುಂಬಾ ತುಂಬ್ದೆ. ಪಂಪಿನ ಎಗ್ಸಾಸ್ಟು ಕಿಟಕಿ ಆಚೆ, ಕಣ್ಣಿಗೆ ಗಾಗಲ್ಸು. ವಾಲ್ವ್ ತೆಗೆದೆ, ಗೇಜ್ ಏರ್ತು. ಸ್ವೀಪ್ ಹಾಕ್ದೆ, ಏನೂ ಇಲ್ಲ.

ದಿನ 15: "ಗೆರೆ" ಸಿಕ್ತು

ರಾತ್ರಿ ಹನ್ನೊಂದೂವರೆಗೆ 23715ರಿಂದ 23730 ಮೆಗಾಹರ್ಟ್ಸ್ ಸ್ವೀಪಲ್ಲಿ ಚೆನ್ನಾಗಿ ಎದ್ದು ನಿಂತ ಒಂದು ಗೆರೆ, ಅಗಲ ಸುಮಾರು 0.3 ಮೆಗಾಹರ್ಟ್ಸು, ಮಧ್ಯ ಬಿಂದು 23720.00. ಕೂಗ್ಕೊಂಡೆ. (2,2) ಗೆರೆ ಇರ್ಬೇಕಾದ್ದು 23722.63ರಲ್ಲಿ, ನನಗೆ ಸಿಕ್ಕಿದ್ದು 2.63 ಮೆಗಾಹರ್ಟ್ಸ್ ಕೆಳಗೆ. ಸರಿ, ರೆಫರೆನ್ಸ್ ತಪ್ಪಿದೆ ಅಂತ ಲೆಕ್ಕ ಹಾಕ್ದೆ, 111 ಪಿಪಿಎಂ ಬಂತು. ಸ್ಕ್ರಿಪ್ಟಲ್ಲಿ ಒಂದು ಕರೆಕ್ಷನ್ ಫ್ಯಾಕ್ಟರ್ ಹಾಕಿ ಗೆರೆನ 23722.63ಕ್ಕೆ ಎಳ್ಕೊಂಡು ಬಂದು ಸ್ಕ್ರೀನ್‌ಶಾಟ್ ತೆಗೆದೆ.

ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು ನನ್ನ ಕಥೆ. ಆ ರಾತ್ರಿನೇ ಅನುಮಾನ ಬರ್ಬೇಕಿದ್ದ ಜಾಗ ಮೂರಿದ್ವು, ಈಗ ಬರೆಯೋವಾಗ ಕೈ ಹಿಂಡ್ಕೋತಿದೀನಿ:

ಪೂರ್ತಿ ಎಳೆದ್ರೂ 50 ಪಿಪಿಎಂ ಹೋಗೋ ವಿಸಿಎಕ್ಸ್‌ಒ ತಾನಾಗೇ 111 ಪಿಪಿಎಂ ತಪ್ಪಿ ಕೂರೋಕೆ ಸಾಧ್ಯನೇ ಇಲ್ಲ.

ಒಂದು ಮೀಟರ್ ಸೆಲ್ಲಲ್ಲಿ (2,2) ಗೆರೆ ಪವರನ್ನ ನೂರಕ್ಕೆ ಮೂರರಷ್ಟಾದ್ರೂ ತಿನ್ಬೇಕು, (3,3) ಏಳೆಂಟು. ಅಂದ್ರೆ ಲಾಕ್-ಇನ್ ಇಲ್ದೇನೂ ಡಿಟೆಕ್ಟರಿನ ಡಿಸಿ ವೋಲ್ಟೇಜಲ್ಲಿ ಕಾಣ್ಬೇಕು. ಮೀಟರ್ ಪಕ್ಕದಲ್ಲೇ ಇತ್ತು, ಅದು ಅಲ್ಲಾಡ್ಲಿಲ್ಲ, ನಾನು ನೋಡ್ಲಿಲ್ಲ.

ಇನ್ನೊಂದು, ಗ್ಯಾಸ್ ಪ್ರೆಶರ್ ಜಾಸ್ತಿ ಕಮ್ಮಿ ಮಾಡಿದಾಗ ಗೆರೆ ಅಗಲ ಬದಲಾಗ್ಲೇ ಇಲ್ಲ. ಅದನ್ನ ನೋಟ್‌ಬುಕ್ಕಲ್ಲಿ "ಸ್ಟೇಬಲ್ ಆಗಿದೆ, ಒಳ್ಳೇದು" ಅಂತ ಬರ್ಕೊಂಡಿದೀನಿ!

ದಿನ 16ರಿಂದ 21

ಎಲ್ಲಕ್ಕಿಂತ ಜೋರಿರೋ (3,3) ಹುಡುಕೋಕೆ 23870.13 ಸುತ್ತ ±2 ಮೆಗಾಹರ್ಟ್ಸ್ ಸ್ವೀಪು, ಕರೆಕ್ಷನ್ ಹಾಕಿರೋ ಸ್ಕೇಲಲ್ಲಿ. ಏನೂ ಇಲ್ಲ. ಪ್ರೀಆ್ಯಂಪ್ ಬದಲಾಯ್ಸಿದೆ, ಆ್ಯವರೇಜಿಂಗ್ ಜಾಸ್ತಿ ಮಾಡ್ದೆ, ಗ್ರೌಂಡ್ ಲೂಪ್ ಹುಡುಕ್ದೆ. ಒಂದು ಗ್ರೌಂಡ್ ಲೂಪ್ ಸಿಕ್ಕಿದ್ದೂ ನಿಜ, ಆದ್ರೆ ಸಮಸ್ಯೆಗೂ ಅದಕ್ಕೂ ಸಂಬಂಧ ಇರ್ಲಿಲ್ಲ.

ದಿನ 22

ಒಣಗ್ಸೋ ಕೊಳವೆ ಖಾಲಿ ಮಾಡೋಣ ಅಂತ ಬಿಚ್ಚಿದೆ. ಕ್ಯಾಲ್ಸಿಯಂ ಕ್ಲೋರೈಡು ಉಬ್ಬಿ ಬೂದಿ ಥರ ಉದುರ್ತಿದೆ, ಮೂಗು ಹತ್ರ ತಂದ್ರೆ ಅಮೋನಿಯಾ ಘಾಟು. ಆಗ ತಲೆಗೆ ಹೋಯ್ತು, ಕ್ಯಾಲ್ಸಿಯಂ ಕ್ಲೋರೈಡ್ ಅಮೋನಿಯಾ ಜೊತೆನೇ ಕೂಡ್ಕೊಂಡು ಕೂರತ್ತೆ, ಒಂದು ಅಣು ಎಂಟು ಅಮೋನಿಯಾ ತನಕ ಕಟ್ಕೊಳತ್ತೆ. ಒಣಗ್ಸೋಕೆ ಇಟ್ಟಿದ್ದು ಗ್ಯಾಸನ್ನೇ ನುಂಗಿ ಕೂತಿತ್ತು, ಸೆಲ್ಲಿಗೆ ಹೋಗ್ತಿದ್ದಿದ್ದು ಗಾಳಿ ಅಷ್ಟೇ ಇರ್ಬೇಕು. ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆ ತುಂಬ್ದೆ, ಅದಕ್ಕೆ ನೀರು ಬೇಕು ಅಮೋನಿಯಾ ಬೇಡ.

ಇಲ್ಲಿ ಬುದ್ಧಿ ಇದ್ದಿದ್ರೆ ಕೇಳ್ಬೇಕಿದ್ದ ಪ್ರಶ್ನೆ ಒಂದೇ, ಸೆಲ್ಲಲ್ಲಿ ಅಮೋನಿಯಾನೇ ಇರ್ಲಿಲ್ಲ ಅಂದ್ರೆ ದಿನ 15ರ ಗೆರೆ ಯಾರ್ದು? ಕೇಳ್ಲಿಲ್ಲ. "ಸ್ವಲ್ಪ ದಾಟಿರ್ಬೇಕು" ಅಂತ ಸಮಾಧಾನ ಮಾಡ್ಕೊಂಡೆ.

ದಿನ 23, 24

ಮತ್ತೆ (3,3) ಸ್ವೀಪು. ಈ ಸಲ ವಿಂಡೋ ಬಲ ತುದಿಲಿ ಬೇಸ್‌ಲೈನ್ ಕೆಳಕ್ಕೆ ಜಗ್ಗಿದೆ. ಸ್ಟ್ಯಾಂಡಿಂಗ್ ವೇವ್ (ಎರಡು ತುದಿ ಮಧ್ಯೆ ಅಲೆ ಪುಟಿದು ಆಗೋ ಏರಿಳಿತ) ಅಂದ್ಕೊಂಡು ಪಾಲಿನಾಮಿಯಲ್ ಫಿಟ್ ಮಾಡಿ ಕಳೆದುಬಿಟ್ಟೆ. ಒಂದು ಮೀಟರ್ ವೇವ್‌ಗೈಡಿನ ಸ್ಟ್ಯಾಂಡಿಂಗ್ ವೇವ್ ಅಲೆ ಸುಮಾರು 120 ಮೆಗಾಹರ್ಟ್ಸಿಗೆ ಒಂದ್ಸಲ ಬರತ್ತೆ, ಅರ್ಧ ಮೆಗಾಹರ್ಟ್ಸ್ ಒಳಗೆ ಹಾಗೆ ಬಾಗೋಕೆ ಅದಕ್ಕೆ ಆಗಲ್ಲ, ಈ ಲೆಕ್ಕ ನಾನೇ ದಿನ 8ರಲ್ಲಿ ಮಾಡಿಟ್ಟಿದ್ದೆ. ಇಷ್ಟು ದಿನದಿಂದ ಹುಡುಕ್ತಿದ್ದ ಗೆರೆಯ ಎಡ ಬಾಲನ ನಾನೇ ಕತ್ತರಿಸಿ ಎಸೆದೆ.

ದಿನ 26: ಮರೆತಿದ್ದೇ ಒಳ್ಳೇದಾಯ್ತು

ರಾತ್ರಿ ಪೂರ್ತಿ (2,2) ಮೇಲೆ ಆ್ಯವರೇಜ್ ಮಾಡ್ಲಿ ಅಂತ ಸ್ಕ್ರಿಪ್ಟ್ ಓಡ್ಸಿ ಮಲಗ್ದೆ. ಬೆಳಗ್ಗೆ ನೋಡಿದ್ರೆ ಗೆರೆ ಚೆನ್ನಾಗಿ ಬಂದಿದೆ, ಅಮೋನಿಯಾ ವಾಲ್ವ್ ತೆಗೆಯೋದೇ ಮರೆತಿದೀನಿ, ಪಂಪು ರಾತ್ರಿ ಎಲ್ಲಾ ಎಳೀತಾನೇ ಇತ್ತು. ಖಾಲಿ ಸೆಲ್ಲಲ್ಲಿ ಗೆರೆ. ಕಾಫಿ ಲೋಟ ಹಿಡ್ಕೊಂಡು ಹತ್ತು ನಿಮಿಷ ಸುಮ್ನೆ ಸ್ಕ್ರೀನ್ ನೋಡ್ತಾ ಕೂತೆ.

ಕರೆಕ್ಷನ್ ತೆಗೆದು ಕಚ್ಚಾ ನಂಬರ್ ನೋಡ್ದೆ, 23720.000. ಇಷ್ಟು ದುಂಡು ನಂಬರ್ ಯಾವ ಅಣುವೂ ಕೊಡಲ್ಲ. ನನ್ನ ಔಟ್‌ಪುಟ್ಟು ವಿಸಿಒದ ನಾಲ್ಕು ಪಟ್ಟು, ಅಂದ್ರೆ ವಿಸಿಒ ಆಗ 5930.000, ಫೇಸ್ ಡಿಟೆಕ್ಟರ್ (ಪಿಎಲ್ಎಲ್ ಒಳಗೆ ವಿಸಿಒನ ರೆಫರೆನ್ಸಿಗೆ ಹೋಲ್ಸಿ ನೋಡೋ ಭಾಗ) ಓಡ್ತಿರೋದು 10 ಮೆಗಾಹರ್ಟ್ಸಲ್ಲಿ, ಸರಿಯಾಗಿ 593 ಪಟ್ಟು. ಫ್ರಾಕ್ಷನಲ್ ಪಿಎಲ್ಎಲ್ ಓದಿರೋರಿಗೆ ಇದು ಗೊತ್ತಿರೋ ಪಿಡುಗು, ವಿಸಿಒ ಫ್ರೀಕ್ವೆನ್ಸಿ ರೆಫರೆನ್ಸಿನ ಪೂರ್ಣ ಪಟ್ಟಿನ ಹತ್ರ ಬಂದಾಗ ಇಂಟೀಜರ್ ಬೌಂಡ್ರಿ ಸ್ಪರ್ (ಪಿಎಲ್ಎಲ್ಲೇ ಹುಟ್ಸೋ ಬೇಡದ ಸಿಗ್ನಲ್) ಲೂಪ್ ಫಿಲ್ಟರ್ ಒಳಗೇ ಬಂದು ಕೂರತ್ತೆ, ಫಿಲ್ಟರ್ ಅದನ್ನ ತಡೆಯಲ್ಲ. ಲೂಪ್ ±40 ಕಿಲೋಹರ್ಟ್ಸು, ನಾಲ್ಕು ಪಟ್ಟಿಗೆ ±160, ಒಟ್ಟು ಅಗಲ 0.32 ಮೆಗಾಹರ್ಟ್ಸ್. ನನ್ನ "ಗೆರೆ" ಅಗಲ 0.3!

ಖಾತ್ರಿ ಮಾಡ್ಕೊಳಕ್ಕೆ 23760ಕ್ಕೆ ಹೋದೆ, ಅಲ್ಲೂ ಒಂದು. 23800, ಅಲ್ಲೂ ಒಂದು. ಪ್ರತಿ 40 ಮೆಗಾಹರ್ಟ್ಸಿಗೆ ಮೈಲಿಗಲ್ಲು ನೆಟ್ಟ ಹಾಗೆ. ದುರದೃಷ್ಟಕ್ಕೆ ಅದರಲ್ಲೊಂದು ನಿಜವಾದ (2,2) ಗೆರೆ ಪಕ್ಕ ಮೂರೇ ಮೆಗಾಹರ್ಟ್ಸ್ ಒಳಗಿತ್ತು.

ಅದೇ ದಿನ ಮಧ್ಯಾಹ್ನ, ಕರೆಕ್ಷನ್ ಇಲ್ದೆ (3,3) ಸ್ವೀಪು, ಆ ಕರೆಕ್ಷನ್ನೇ ಇಷ್ಟು ದಿನ ವಿಂಡೋನ ಗೆರೆಗಿಂತ ಕೆಳಗೆ ತಳ್ಳಿತ್ತು. ಸ್ಕ್ರೀನ್ ಮಧ್ಯದಲ್ಲಿ 23870.02ಕ್ಕೆ ಗೆರೆ, ಡಿಸಿ ಮೀಟರ್ರೂ ಕೆಳಗೆ ಇಳೀತು. ವಾಲ್ವ್ ಮುಚ್ಚಿ ಪಂಪ್ ಮಾಡ್ದೆ, ಮಾಯ. ತೆಗೆದೆ, ಬಂತು. ನಾಲ್ಕು ಸಲ ಮಾಡ್ದೆ, ಬೇಕಿರ್ಲಿಲ್ಲ, ಆದ್ರೂ ಮಾಡ್ದೆ. ವಿಸಿಎಕ್ಸ್‌ಒ ನಿಜವಾಗ್ಲೂ ತಪ್ಪಿದ್ದು 5 ಪಿಪಿಎಂಗಿಂತ ಕಮ್ಮಿ.

ದಿನ 28ರಿಂದ 33: ಸೋರ್ಸ್ ರಿಪೇರಿ

10 ಮೆಗಾಹರ್ಟ್ಸ್ ವಿಸಿಎಕ್ಸ್‌ಒ ಕಿತ್ತು 100 ಮೆಗಾಹರ್ಟ್ಸಿಂದು ಹಾಕ್ದೆ, ಅದನ್ನ ಜಿಪಿಎಸ್‌ಗೆ ಕಟ್ಟಿರೋ 10 ಮೆಗಾಹರ್ಟ್ಸ್ ಓಸಿಎಕ್ಸ್‌ಒಗೆ (ಬಿಸಿ ಪೆಟ್ಟಿಗೇಲಿಟ್ಟ ಸ್ಥಿರವಾದ ಕ್ರಿಸ್ಟಲ್ ಆಸಿಲೇಟರ್) ನಿಧಾನದ ಲೂಪಲ್ಲಿ (ಬ್ಯಾಂಡ್‌ವಿಡ್ತ್ 10 ಹರ್ಟ್ಸ್ ಸುಮಾರು) ಲಾಕ್ ಮಾಡ್ದೆ, ಹಾಗಾಗಿ 3.1 ಕಿಲೋಹರ್ಟ್ಸ್ ಮಾಡ್ಯುಲೇಶನ್ ಲೂಪಿಗೆ ಗೊತ್ತೇ ಆಗಲ್ಲ, ಸರಾಸರಿ ಮಾತ್ರ ಸರಿ ಇರತ್ತೆ. ಫೇಸ್ ಡಿಟೆಕ್ಟರ್ 50 ಮೆಗಾಹರ್ಟ್ಸಿಗೆ. ಈಗ ಬೌಂಡ್ರಿ 200 ಮೆಗಾಹರ್ಟ್ಸಿಗೊಂದು, 23800, 24000 ಹೀಗೆ, ನನಗೆ ಬೇಕಾದ ಯಾವ ಗೆರೆಗೂ 60 ಮೆಗಾಹರ್ಟ್ಸ್ ಒಳಗೆ ಬರಲ್ಲ. ಅನಲೈಸರ್ ಮತ್ತೆ ಒಂದು ದಿನಕ್ಕೆ ತಂದು ನೋಡಿದ್ರೆ ಫೇಸ್ ನಾಯ್ಸೂ 7 ಡಿಬಿ ಇಳಿದು −89 ಆಗಿತ್ತು. ಮೊದಲ ಲೇಔಟಲ್ಲಿ 100 ಮೆಗಾಹರ್ಟ್ಸ್ ಟ್ರೇಸ್ ಪಕ್ಕನೇ ಯುಎಸ್‌ಬಿ ಸಪ್ಲೈ ಎಳೆದು ಇನ್ನೊಂದು ಎಡವಟ್ಟು ಮಾಡಿದ್ದೆ, ಅದು ಒಂದು ದಿನದ ಕಥೆ, ಬಿಡಿ.

ದಿನ 36: ಪವರ್ ಜಾಸ್ತಿ ಆಗಿದ್ದು

ಗೇಜ್ 1 ಪಾಸ್ಕಲ್ ತೋರಿಸ್ವಾಗ (3,3) ಅಗಲ 1.6 ಮೆಗಾಹರ್ಟ್ಸ್ ಬರ್ತಿದೆ. ಅಮೋನಿಯಾ ತನ್ನ ಜೊತೆ ತಾನೇ ಡಿಕ್ಕಿ ಹೊಡ್ಕೊಂಡು ಪಾಸ್ಕಲ್‌ಗೆ ಸುಮಾರು 0.4 ಮೆಗಾಹರ್ಟ್ಸ್ ಅಗಲ ಆಗತ್ತೆ, ಅಂದ್ರೆ ಸೆಲ್ಲಲ್ಲಿ 4 ಪಾಸ್ಕಲ್ ಇದೆ ಅಂತಾಯ್ತು. ಗೇಜ್ ಪಂಪ್ ಕಡೆ ಇದೆ, ವೇವ್‌ಗೈಡ್ ಸಣ್ಣ ಕಿಂಡಿ, ಜೊತೆಗೆ ಪಿರಾನಿ ಗಾಳಿಗೆ ಕ್ಯಾಲಿಬ್ರೇಟ್ ಆಗಿರತ್ತೆ, ಹಾಗಾಗಿ ಎಲ್ಲಾ ತಪ್ಪೂ ಗೇಜ್ ತಲೆಗೆ ಕಟ್ದೆ. ಅರ್ಧ ಸರಿ. ಇನ್ನರ್ಧ ನಂದೇ, ಪ್ರೆಶರ್ ಇಳಿಸ್ತಾ ಹೋದ್ರೆ ಗೆರೆ ಕಿರಿದಾಗೋದು ಬಿಟ್ಟು ಹಾಗೇ ಅಗಲ ಉಳ್ಕೊಂಡು ಎತ್ತರ ಕುಸೀತಿತ್ತು. ಸೆಲ್ ಒಳಗೆ 2 ಮಿಲಿವ್ಯಾಟ್ ತುಂಬ್ತಿದ್ದೆ, ಇಷ್ಟು ಸಣ್ಣ ಕಿಂಡಿಲಿ ಅಷ್ಟು ಪವರ್ ಹೋದ್ರೆ ಅಣುಗಳು ಸ್ಯಾಚುರೇಟ್ ಆಗತ್ವೆ, ಅಂದ್ರೆ ಇನ್ನಷ್ಟು ಹೀರೋಕೆ ಅವಕ್ಕೆ ಆಗಲ್ಲ. ಅಟೆನ್ಯುಯೇಟರ್ 20 ಡಿಬಿ ಬಿಗಿ ಮಾಡಿ 20 ಮೈಕ್ರೋವ್ಯಾಟಿಗೆ ಇಳ್ಸಿದೆ. ಅಗಲ 0.9ಕ್ಕೆ ಬಂತು, ಸಿಗ್ನಲ್ ನಾಯ್ಸ್ ಅನುಪಾತ ಹಾಳಾಗತ್ತೆ ಅಂದ್ಕೊಂಡಿದ್ದೆ, ಉಲ್ಟಾ ಸುಧಾರ್ಸ್ತು, ಡಿಟೆಕ್ಟರೂ ಈಗ ತನ್ನ ಸ್ಕ್ವೇರ್-ಲಾ (ವೋಲ್ಟೇಜ್ ಪವರಿಗೆ ತಕ್ಕಂತೆ ಬರೋ) ಜಾಗದಲ್ಲಿ ಕೂತಿದೆ.

ದಿನ 41

ಈಗಿನ ತನಕ ನನಗೆ ತುಂಬಾ ಇಷ್ಟ ಆದ ಸ್ವೀಪು. ಗೇಜ್ 0.3 ತನಕ ಇಳ್ಸಿ (1,1) ನೋಡ್ದೆ, 23694.5 ಸುತ್ತ. ಮಧ್ಯೆ ಎತ್ತರದ ಗೆರೆ, ಎಡಕ್ಕೂ ಬಲಕ್ಕೂ ಸುಮಾರು 0.6 ಮೆಗಾಹರ್ಟ್ಸ್ ದೂರದಲ್ಲಿ ಒಂದೊಂದು ಸಣ್ಣದು, 1.5 ದೂರದಲ್ಲಿ ಇನ್ನೊಂದೊಂದು. ನೈಟ್ರೋಜನ್ ನ್ಯೂಕ್ಲಿಯಸ್ಸಿನ ಕ್ವಾಡ್ರುಪೋಲಿಂದ (ನ್ಯೂಕ್ಲಿಯಸ್ ಪೂರ್ತಿ ದುಂಡಗಿಲ್ಲ ಅನ್ನೋದ್ರಿಂದ) ಬರೋ ಐದು ಗೆರೆ. ಹೊರಗಿನ ಎರಡನ್ನ ಮೊದಲು ಸ್ಪರ್ ಅಂದ್ಕೊಂಡು ಖಾಲಿ ಸೆಲ್ ಸ್ವೀಪ್ ಹಾಕಿ ನೋಡ್ದೆ, ಏನೂ ಇರ್ಲಿಲ್ಲ. ಈಗ ಪ್ರತಿ ಸ್ವೀಪಿಗೂ ಮೊದಲು ಖಾಲಿ ಸೆಲ್ ಓಟ ಸ್ಕ್ರಿಪ್ಟೇ ತಾನಾಗಿ ಹಾಕತ್ತೆ, ನಾನು ಬೇಡ ಅಂದ್ರೂ ಬಿಡಲ್ಲ, ಹಾಗೆ ಬರೆದಿದೀನಿ.

ದಿನ 47: ಲೆಕ್ಕ

ನಾನು ಅಳೆದಿದ್ದು, ಮೆಗಾಹರ್ಟ್ಸಲ್ಲಿ: (1,1) 23694.50, (2,2) 23722.64, (3,3) 23870.13, (4,4) 24139.41, (5,5) 24533.01. ಗೊತ್ತಿರೋ ಬೆಲೆಗಳು ಅದೇ ಸಾಲಲ್ಲಿ 23694.50, 23722.63, 23870.13, 24139.42, 24532.99. (5,5) ಮಾತ್ರ 20 ಕಿಲೋಹರ್ಟ್ಸ್ ಆಚೆ, ಅಲ್ಲಿ ಬೇಸ್‌ಲೈನ್ ಇಳಿಜಾರಿದೆ, ಐಸೊಲೇಟರ್ ಆ ಕಡೆ ಅಷ್ಟು ಚೆನ್ನಾಗಿಲ್ಲ ಅನ್ಸತ್ತೆ. ಡಾಪ್ಲರ್ ಅಗಲ (ಅಣುಗಳ ಓಡಾಟದಿಂದ ಗೆರೆಗೆ ಬರೋ ಅಗಲ) ಇಲ್ಲಿ 70 ಕಿಲೋಹರ್ಟ್ಸ್ ಹತ್ರ, ಅದರ ಸಮೀಪಕ್ಕಾದ್ರೂ ಹೋಗ್ಬೇಕು ಅಂತ ಆಸೆ, ಅದಕ್ಕೆ ಇನ್ನೂ ಕಮ್ಮಿ ಪ್ರೆಶರ್ ಬೇಕು.

ದಿನ 52

ಪ್ರೆಶರ್ ಇಳೀತಿಲ್ಲ, ವಾಲ್ವ್ ಮುಚ್ಚಿದ್ರೆ ಹತ್ತು ನಿಮಿಷಕ್ಕೆ 40 ಏರ್ತಿದೆ. ಗ್ಯಾಸ್ ಒಳಗೆ ಬರೋ ಹಿತ್ತಾಳೆ ನಿಪ್ಪಲ್ ಬಿಚ್ಚಿ ನೋಡಿದ್ರೆ ಬುಡದಲ್ಲಿ ನೀಲಿ ಹಸಿರು ಪುಡಿ, ಒರೆಸಿದ್ರೆ ಅಡಿಲಿ ಕೂದಲೆಳೆಯಷ್ಟು ಬಿರುಕು. ಒದ್ದೆ ಅಮೋನಿಯಾ ಹಿತ್ತಾಳೆನ ಬಿರುಕು ಬಿಡ್ಸತ್ತೆ ಅಂತ ಗೊತ್ತಿತ್ತು, ಒಣಗ್ಸೋ ಕೊಳವೆಗಿಂತ ಮುಂಚೆ ಇದ್ದ ನಿಪ್ಪಲ್ಲು ಅದು, ಅಲ್ಲಿ ಗ್ಯಾಸ್ ಇನ್ನೂ ಒದ್ದೆನೇ. ಸ್ಟೇನ್‌ಲೆಸ್ ನಿಪ್ಪಲ್ಲು ಆರ್ಡರ್ ಹಾಕಿದೀನಿ, ಬರೋ ತನಕ ಪಂಪ್ ಆಫು, ಸೆಲ್ ಎರಡೂ ತುದಿಗೆ ಮುಚ್ಚಳ ಹಾಕಿ ಇಟ್ಟಿದೀನಿ.